ಮೊಟ್ಟೆ, ಹಾಲು, ಬೆಣ್ಣೆ ಇಲ್ಲದ ಆ ಚಾಕೊಲೇಟ್ ಕೇಕ್: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಮಗಳ ಶಾಲೆಯ ಗ್ರಂಥಾಲಯಕ್ಕೆ ಪುಸ್ತಕ ಕೊಳ್ಳಲು ಹಣ ಕೂಡಿಸುವ ಸಲುವಾಗಿ ಪೋಷಕರೆಲ್ಲ ಸೇರಿ ಮನೆಯಲ್ಲಿ ಮಾಡಿದ ತಿನಿಸುಗಳ ಮಾರಾಟ ಏರ್ಪಡಿಸಿದ್ದೆವು. ಸ್ವಯಂಸೇವಕಿಯಾಗಿ ಕೇಕ್ ಮೇಜಿನ ಹೊಣೆ ನನ್ನ ಪಾಲಿಗೆ ಬಂದಿತ್ತು. ಕೆನೆ, ಬಣ್ಣದ ಮಣಿಗಳಿಂದ ಸಿಂಗರಿಸಿದ ಕೇಕುಗಳ ನಡುವೆ, ಮೇಲೆ ತೆಳುವಾಗಿ ಪುಡಿ ಸಕ್ಕರೆ ಉದುರಿಸಿದ್ದ ಒಂದು ಸಾದಾ ಚಾಕೊಲೇಟ್ ಕೇಕ್ ಎಲ್ಲಕ್ಕಿಂತ ಮೊದಲು ಖಾಲಿಯಾಯಿತು. ಮೊಟ್ಟೆಯ ಅಲರ್ಜಿ ಇರುವ ಹುಡುಗನೊಬ್ಬ ತಾಯಿಯ ಕೈ ಹಿಡಿದು ಪ್ರತಿ ತಟ್ಟೆಯ ಮುಂದೆಯೂ ನಿಂತು, ‘ಇದರಲ್ಲಿ ಮೊಟ್ಟೆ ಇದೆಯಾ?’ ಎಂದು ಕೇಳುತ್ತ ಬಂದು, ಕೊನೆಗೆ ಈ ಕೇಕಿನ ಎರಡು ತುಂಡು ಕೊಂಡುಕೊಂಡ. ಅದನ್ನು ಮಾಡಿ ತಂದಿದ್ದ ಪೋಷಕರನ್ನು ಕೇಳಿದಾಗ ಅವರು ಅಳತೆಗಳನ್ನು ಕಪ್ಪು, ಚಮಚಗಳ ಲೆಕ್ಕದಲ್ಲಿ ಒಂದು ಚೀಟಿಯಲ್ಲಿ ಬರೆದುಕೊಟ್ಟರು. ಅಂದಿನಿಂದ ನಮ್ಮ ಮನೆಯವರೆಲ್ಲರಿಗೂ ಅದೇ ಅಚ್ಚುಮೆಚ್ಚಿನ ಕೇಕ್. ಆದರೆ ಒಮ್ಮೊಮ್ಮೆ ಅದರ ನಡುಭಾಗ ಕುಸಿಯುತ್ತದೆ, ಒಮ್ಮೊಮ್ಮೆ ನಾಲಿಗೆಗೆ ಸೋಡಾದ ರುಚಿ ತಾಗುತ್ತದೆ. ಮೊಟ್ಟೆಯೇ ಇಲ್ಲದೆ ಈ ಕೇಕ್ ಉಬ್ಬುವುದಾದರೂ ಹೇಗೆ? ತೂಕದ ಲೆಕ್ಕದಲ್ಲಿ ಇದರ ವಿಧಾನವನ್ನು ತಿಳಿಸಿಕೊಡುತ್ತೀರಾ?
— ಒಬ್ಬ ಓದುಗರು

ಉತ್ತರ: ನಿಮ್ಮ ಚೀಟಿಯಲ್ಲಿರುವುದು ಉತ್ತರ ಅಮೆರಿಕದ ಮನೆಗಳಲ್ಲಿ ಬಹುಕಾಲದಿಂದ ಕೈಯಿಂದ ಕೈಗೆ ದಾಟುತ್ತ ಬಂದಿರುವ ಕೇಕ್. ವ್ಯಾಕಿ ಕೇಕ್, ಕ್ರೇಜಿ ಕೇಕ್, ಡಿಪ್ರೆಶನ್ ಕೇಕ್ ಎಂದೆಲ್ಲ ಅದನ್ನು ಕರೆಯುತ್ತಾರೆ. 1930ರ ದಶಕದ ಆರ್ಥಿಕ ಮುಗ್ಗಟ್ಟು ಮತ್ತು ಅದರ ಬೆನ್ನಿಗೇ ಬಂದ ಎರಡನೆಯ ಮಹಾಯುದ್ಧದ ಕಾಲದ ಅಡುಗೆಯ ಜೊತೆಗೆ ಇದರ ನಂಟು ಬೆಸೆದುಕೊಂಡಿದೆ. ಅಮೆರಿಕದಲ್ಲಿ 1942ರಲ್ಲಿ ಸಕ್ಕರೆಗೂ 1943ರಲ್ಲಿ ಬೆಣ್ಣೆಗೂ ಪಡಿತರ ಜಾರಿಗೆ ಬಂದಾಗ, ಬೆಣ್ಣೆಯ ಬದಲು ಎಣ್ಣೆ, ಹಾಲಿನ ಬದಲು ನೀರು, ಮೊಟ್ಟೆಯ ಬದಲು ಸೋಡಾ ಮತ್ತು ವಿನೆಗರ್ ಬಳಸುವ ಇಂಥ ಕೇಕುಗಳಿಗೆ ಎಲ್ಲಿಲ್ಲದ ಬೆಲೆ ಬಂದದ್ದು ಸಹಜವೇ. ಅಭಾವದ ದಿನಗಳು ಮುಗಿದ ಮೇಲೂ ಇದು ಉಳಿದುಕೊಂಡಿತು. ಅದಕ್ಕೆ ಕಾರಣ, ಇದು ಬೇರೆ ಯಾವುದೋ ಒಳ್ಳೆಯ ಕೇಕಿನ ಬಡ ನಕಲಲ್ಲ, ತನ್ನಷ್ಟಕ್ಕೆ ತಾನೇ ಒಳ್ಳೆಯ ಕೇಕ್ ಎಂಬುದೇ ಎಂದು ನಾನು ಖಚಿತವಾಗಿ ನಂಬುತ್ತೇನೆ.

ಮೊದಲು ತೂಕದ ಲೆಕ್ಕ. 20 ಸೆಂಟಿಮೀಟರ್ ಚೌಕದ ಒಂದು ಟಿನ್ನಿಗೆ 190 ಗ್ರಾಂ ಮೈದಾ, 200 ಗ್ರಾಂ ಸಕ್ಕರೆ, 25 ಗ್ರಾಂ ಸಿಹಿಯಿಲ್ಲದ ಕೋಕೋ ಪುಡಿ, 5 ಗ್ರಾಂ ಅಡುಗೆ ಸೋಡಾ, 3 ಗ್ರಾಂ ಉಪ್ಪು, 80 ಮಿಲಿಲೀಟರ್ ವಾಸನೆಯಿಲ್ಲದ ಅಡುಗೆ ಎಣ್ಣೆ, 15 ಮಿಲಿಲೀಟರ್ ವಿನೆಗರ್, 5 ಮಿಲಿಲೀಟರ್ ವೆನಿಲ್ಲಾ ಎಸೆನ್ಸ್ ಮತ್ತು 240 ಮಿಲಿಲೀಟರ್ ನೀರು ಬೇಕು. ನಿಮ್ಮ ಚೀಟಿಯಲ್ಲಿ ಇದೇ ಅಳತೆ ಒಂದೂವರೆ ಕಪ್ಪು ಮೈದಾ, ಒಂದು ಕಪ್ಪು ಸಕ್ಕರೆ, ಕಾಲು ಕಪ್ಪು ಕೋಕೋ, ಒಂದು ಸಣ್ಣ ಚಮಚ ಸೋಡಾ ಎಂದು ಇದ್ದಿರಬೇಕು. ಕಪ್ಪಿನ ಲೆಕ್ಕ ತಪ್ಪೇನಲ್ಲ, ಆದರೆ ಮೈದಾವನ್ನು ಚಮಚದಿಂದ ಸಡಿಲವಾಗಿ ತುಂಬಿದರೆ ಕಪ್ಪಿಗೆ ಸುಮಾರು 120 ಗ್ರಾಂ ಹಿಡಿದರೆ, ಡಬ್ಬಿಯೊಳಗೆ ಕಪ್ಪನ್ನೇ ಒತ್ತಿ ತುಂಬಿದರೆ 150 ಗ್ರಾಂವರೆಗೂ ಹಿಡಿಯುತ್ತದೆ. ಒಂದೂವರೆ ಕಪ್ಪಿನಲ್ಲಿ ಈ ವ್ಯತ್ಯಾಸ 45 ಗ್ರಾಂ ಆಗುತ್ತದೆ, ಅಂದರೆ ಇಡೀ ಮೈದಾದ ಸುಮಾರು ಕಾಲು ಭಾಗ. ಒಂದೇ ಚೀಟಿಯನ್ನು ನೋಡಿ ಮಾಡಿದ ಕೇಕ್ ಒಂದು ಮನೆಯಲ್ಲಿ ಹಗುರವಾಗಿಯೂ ಇನ್ನೊಂದು ಮನೆಯಲ್ಲಿ ಇಟ್ಟಿಗೆಯಂತೆ ಗಟ್ಟಿಯಾಗಿಯೂ ಆಗುವುದಕ್ಕೆ ಬಹುಮಟ್ಟಿಗೆ ಇದೇ ಕಾರಣ.

ಕೆಲಸಕ್ಕೆ ಕೈಹಾಕುವ ಮೊದಲೇ ಓವನ್ನನ್ನು 180 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ, ಟಿನ್ನಿಗೆ ಎಣ್ಣೆ ಸವರಿ, ತಳಕ್ಕೆ ಬೇಕಿಂಗ್ ಪೇಪರ್ ಹಾಸಿಟ್ಟುಕೊಳ್ಳಿ. ಮೈದಾ, ಕೋಕೋ, ಸೋಡಾಗಳನ್ನು ಒಟ್ಟಿಗೆ ಜರಡಿ ಹಿಡಿದು, ಸಕ್ಕರೆ ಮತ್ತು ಉಪ್ಪು ಸೇರಿಸಿ ಚೆನ್ನಾಗಿ ಕಲಸಿ. ಜರಡಿ ಹಿಡಿಯುವುದನ್ನು ಬಿಡಬೇಡಿ: ಕೋಕೋ ಮತ್ತು ಸೋಡಾ ಎರಡೂ ಗಂಟುಕಟ್ಟುವ ಪುಡಿಗಳು, ಮತ್ತು ಒಡೆಯದೆ ಉಳಿದ ಸೋಡಾದ ಒಂದು ಸಣ್ಣ ಗಂಟು ಯಾರ ತುಂಡಿನಲ್ಲಿ ಸಿಗುತ್ತದೋ ಅವರ ಬಾಯಿ ಕಹಿಯಾಗುತ್ತದೆ. ನಂತರ ನೀರು, ಎಣ್ಣೆ, ವಿನೆಗರ್, ವೆನಿಲ್ಲಾಗಳನ್ನು ಒಟ್ಟಿಗೆ ಸುರಿದು, ಒಣ ಹಿಟ್ಟು ಕಾಣದಂತಾಗುವವರೆಗೆ ಮಾತ್ರ ಕೈಯಾಡಿಸಿ. ಸಣ್ಣಪುಟ್ಟ ಗಂಟುಗಳು ಉಳಿದರೆ ಚಿಂತೆಯಿಲ್ಲ. ಮಿಶ್ರಣ ಸಾಮಾನ್ಯ ಕೇಕಿನದಕ್ಕಿಂತ ತೆಳುವಾಗಿ ಇರುತ್ತದೆ, ಅದನ್ನು ಕಂಡು ಹೆದರಿ ಮೈದಾ ಸೇರಿಸಬೇಡಿ. ಟಿನ್ನಿಗೆ ಸುರಿದ ಕೂಡಲೇ ಓವನ್ನಿನೊಳಗೆ ಇಟ್ಟು 30ರಿಂದ 35 ನಿಮಿಷ ಬೇಯಿಸಿ, ನಡುವೆ ಚುಚ್ಚಿದ ಕಡ್ಡಿಗೆ ಹಸಿ ಹಿಟ್ಟು ಅಂಟದಿದ್ದರೆ ಹೊರತೆಗೆಯಿರಿ.

ಒಣ ಪದಾರ್ಥಗಳನ್ನು ಟಿನ್ನಿನಲ್ಲೇ ಹರಡಿ, ಅದರಲ್ಲಿ ಮೂರು ಗುಳಿ ತೋಡಿ, ಒಂದಕ್ಕೆ ಎಣ್ಣೆ, ಒಂದಕ್ಕೆ ವಿನೆಗರ್, ಇನ್ನೊಂದಕ್ಕೆ ವೆನಿಲ್ಲಾ ಸುರಿದು, ಮೇಲೆ ನೀರು ಹೊಯ್ದು ಅಲ್ಲೇ ಕಲಸುವುದು ಈ ಕೇಕಿನ ಹಳೆಯ ಪದ್ಧತಿ. ಮಕ್ಕಳ ಜೊತೆ ಮಾಡುವಾಗ ಅದು ಬಹಳ ಚೆನ್ನ, ಪಾತ್ರೆ ತೊಳೆಯುವ ಕೆಲಸವೂ ಕಡಿಮೆ. ಆದರೆ ಗುಳಿಗಳಿಂದ ರುಚಿಗಾಗಲಿ ಉಬ್ಬುವಿಕೆಗಾಗಲಿ ಯಾವ ಲಾಭವೂ ಇಲ್ಲ, ಮೂಲೆಗಳಲ್ಲಿ ಒಣ ಹಿಟ್ಟು ಉಳಿದುಬಿಡುವ ಅಪಾಯ ಮಾತ್ರ ಇದೆ. ಮಾರಾಟಕ್ಕೆಂದು ಮಾಡುವಾಗ ಬೇರೆ ಪಾತ್ರೆಯಲ್ಲಿ ಕಲಸುವುದೇ ಸರಿ.

ಇನ್ನು ಮೊಟ್ಟೆಯಿಲ್ಲದೆ ಉಬ್ಬುವ ಬಗೆ. ಅಡುಗೆ ಸೋಡಾ ಆಮ್ಲದ ಜೊತೆ ಸೇರಿದಾಗ ಇಂಗಾಲದ ಡೈಆಕ್ಸೈಡ್ ಅನಿಲ ಹೊರಬರುತ್ತದೆ ಎಂಬುದು ಎಲ್ಲರಿಗೂ ಗೊತ್ತಿರುವ ಸಂಗತಿ, ಹಾಗಾಗಿ ಈ ಕೇಕನ್ನು ಉಬ್ಬಿಸುವುದು ವಿನೆಗರ್ ಎಂದೇ ಹೆಚ್ಚಿನವರು ಭಾವಿಸುತ್ತಾರೆ. ಲೆಕ್ಕ ಹಾಕಿ ನೋಡಿದರೆ ಅದು ಅರ್ಧ ಸತ್ಯವೂ ಅಲ್ಲ. ಶೇಕಡಾ 5ರ ವಿನೆಗರ್ 15 ಮಿಲಿಲೀಟರಿನಲ್ಲಿ ಇರುವುದು ಸುಮಾರು ಮುಕ್ಕಾಲು ಗ್ರಾಂ ಅಸಿಟಿಕ್ ಆಮ್ಲ, ಆದರೆ 5 ಗ್ರಾಂ ಸೋಡಾವನ್ನು ಪೂರ್ತಿಯಾಗಿ ತಟಸ್ಥಗೊಳಿಸಲು ಸುಮಾರು ಮೂರೂವರೆ ಗ್ರಾಂ ಆಮ್ಲ ಬೇಕು. ಅಂದರೆ ವಿನೆಗರ್ ಸೋಡಾದ ಐದನೇ ಒಂದು ಭಾಗವನ್ನಷ್ಟೇ ಕೆಲಸಕ್ಕೆ ಹಚ್ಚುತ್ತದೆ. ಕೋಕೋ ಪುಡಿಯಲ್ಲಿರುವ ಸ್ವಾಭಾವಿಕ ಆಮ್ಲ ಇನ್ನೂ ಸ್ವಲ್ಪ ಭಾಗವನ್ನು ಬಳಸಿಕೊಳ್ಳುತ್ತದೆ. ಉಳಿದ ಸೋಡಾ ಓವನ್ನಿನ ಬಿಸಿಗೆ ತಾನಾಗಿಯೇ ಒಡೆದು ಅನಿಲವನ್ನು ಬಿಡುತ್ತದೆ, ಆಗ ಸೋಡಿಯಂ ಕಾರ್ಬೋನೇಟ್ ಎಂಬ ಕ್ಷಾರ ಹಿಂದೆ ಉಳಿಯುತ್ತದೆ. ಈ ಕೇಕಿನ ಕಡು ಬಣ್ಣಕ್ಕೆ ಆ ಕ್ಷಾರವೂ ಒಂದು ಕಾರಣ, ಸೋಡಾ ಹೆಚ್ಚಾದಾಗ ನಾಲಿಗೆಗೆ ತಾಗುವ ಸಾಬೂನಿನಂಥ ರುಚಿಗೂ ಅದೇ ಕಾರಣ. ನಿಮ್ಮ ಎರಡನೆಯ ದೂರಿಗೆ ಉತ್ತರ ಇಲ್ಲಿಯೇ ಇದೆ: ಸಣ್ಣ ಚಮಚವನ್ನು ರಾಶಿಯಾಗಿ ತುಂಬಿದರೆ ಸೋಡಾ ಬೇಕಾದದ್ದಕ್ಕಿಂತ ಬಹಳ ಹೆಚ್ಚಾಗಿಬಿಡುತ್ತದೆ. ಚಮಚದ ಮೇಲ್ಭಾಗವನ್ನು ಚಾಕುವಿನ ಬೆನ್ನಿನಿಂದ ಸವರಿ ಸಮ ಮಾಡಿ, ಅಥವಾ ತಕ್ಕಡಿ ಬಳಸಿ.

ನಡುಭಾಗ ಕುಸಿಯುವುದಕ್ಕೂ ಸೋಡಾ ಹೆಚ್ಚಾಗಿರುವುದು ಕಾರಣವಿರಬಹುದು, ಏಕೆಂದರೆ ಹಿಟ್ಟು ಗಟ್ಟಿಯಾಗುವ ಮುನ್ನವೇ ಅನಿಲ ಅತಿಯಾಗಿ ಹಿಗ್ಗಿ, ಗುಳ್ಳೆಗಳು ಒಡೆದುಹೋಗುತ್ತವೆ. ಆದರೆ ನನಗೆ ಹೆಚ್ಚು ಅನುಮಾನವಿರುವುದು ಹೊತ್ತಿನ ಬಗ್ಗೆ. ಒಣ ಪುಡಿಗೆ ನೀರು, ವಿನೆಗರ್ ಬಿದ್ದ ಕ್ಷಣದಿಂದ ಅನಿಲ ಹೊರಡಲು ತೊಡಗುತ್ತದೆ, ಪಾತ್ರೆಗೆ ಕಿವಿಗೊಟ್ಟರೆ ಸಣ್ಣ ಸದ್ದೂ ಕೇಳಿಸುತ್ತದೆ. ಮೊಟ್ಟೆ ಇರುವ ಕೇಕಿನಲ್ಲಿ ಗುಳ್ಳೆಗಳನ್ನು ಹಿಡಿದಿಡಲು ಮೊಟ್ಟೆಯ ಪ್ರೋಟೀನ್ ಇರುತ್ತದೆ. ಇಲ್ಲಿ ಆ ಕೆಲಸವನ್ನು ಮೈದಾದ ಪಿಷ್ಟ ಮತ್ತು ಗ್ಲೂಟೆನ್ ಎರಡೇ ಮಾಡಬೇಕು, ಅದೂ ಬಿಸಿ ತಗುಲಿದ ಮೇಲೆ. ಹಾಗಾಗಿ ಕಲಸಿದ ಮೇಲೆ ಟಿನ್ ಹುಡುಕುತ್ತ ಕೂತರೆ, ಓವನ್ ಇನ್ನೂ ಕಾಯುತ್ತಿದ್ದರೆ, ಅಥವಾ ಮೊದಲ 20 ನಿಮಿಷದೊಳಗೆ ಬಾಗಿಲು ತೆರೆದು ನೋಡಿದರೆ ಕೇಕಿನ ನಡುಭಾಗ ಕೆಳಗಿಳಿಯುತ್ತದೆ. ಈ ವಿಧಾನದಲ್ಲಿ ಕಟ್ಟುನಿಟ್ಟಾಗಿ ಪಾಲಿಸಬೇಕಾದ ನಿಯಮ ಒಂದೇ ಒಂದಾದರೆ ಅದು ಇದು: ಎಲ್ಲವೂ ಸಿದ್ಧವಾದ ಮೇಲೆ ಮಾತ್ರ ನೀರು ಸುರಿಯಿರಿ. ಮತ್ತೆ ನೀರು ಸಾಧಾರಣ ಉಷ್ಣತೆಯದ್ದಿರಲಿ, ಬಿಸಿ ನೀರು ಹಾಕಿದರೆ ಅನಿಲ ಇನ್ನೂ ಬೇಗ ಹೊರಟುಹೋಗುತ್ತದೆ.

ಆ ಹುಡುಗನ ವಿಷಯ ಓದಿದಾಗ ನನಗೆ ನೆನಪಾದವರು ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮಿನ ಔಷಧ ವ್ಯಾಪಾರಿ ಆಲ್ಫ್ರೆಡ್ ಬರ್ಡ್. ಅವರ ಪತ್ನಿಗೆ ಮೊಟ್ಟೆಯೂ ಒಗ್ಗುತ್ತಿರಲಿಲ್ಲ, ಯೀಸ್ಟ್ ಕೂಡ ಒಗ್ಗುತ್ತಿರಲಿಲ್ಲ. ಅವರಿಗಾಗಿಯೇ ಬರ್ಡ್ 1837ರಲ್ಲಿ ಮೊಟ್ಟೆಯಿಲ್ಲದ ಕಸ್ಟರ್ಡ್ ಪುಡಿಯನ್ನೂ 1843ರಲ್ಲಿ ಯೀಸ್ಟ್ ಇಲ್ಲದೆ ಬ್ರೆಡ್ ಉಬ್ಬಿಸುವ ಬೇಕಿಂಗ್ ಪೌಡರನ್ನೂ ರೂಪಿಸಿದರು. ಇಂದು ಪ್ರಪಂಚದ ಅಡುಗೆಮನೆಗಳಲ್ಲಿ ಇರುವ ಆ ಡಬ್ಬಿಯ ಹಿಂದೆ, ತನ್ನವರೊಬ್ಬರು ಊಟದ ಮೇಜಿನಲ್ಲಿ ಬರಿಗೈಯಲ್ಲಿ ಕೂರಬಾರದು ಎಂಬ ಕಾಳಜಿ ಇದೆ ಎಂಬುದು ನನಗೆ ಬಹಳ ಇಷ್ಟವಾದ ಸಂಗತಿ.

ಪ್ರಶ್ನೆ: ನಾನು ಶಿಕ್ಷಕಿ. ನಮ್ಮ ಶಾಲೆಯ ಸಹಾಯಾರ್ಥ ಮೇಳಕ್ಕೆ ಮೊಟ್ಟೆಯಿಲ್ಲದ ಇದೇ ಬಗೆಯ ಕೇಕನ್ನು ದೊಡ್ಡ ಪ್ರಮಾಣದಲ್ಲಿ ಮಾಡಬೇಕೆಂದು ಪೋಷಕರು ತೀರ್ಮಾನಿಸಿದ್ದಾರೆ. ಅಳತೆಗಳನ್ನು ಎರಡು ಪಟ್ಟು, ನಾಲ್ಕು ಪಟ್ಟು ಮಾಡಿದರೆ ಸಾಕೇ? ಅಲರ್ಜಿ ಇರುವ ಮಕ್ಕಳಿಗೆ ಇದು ಸುರಕ್ಷಿತ ಎಂದು ಫಲಕ ಹಾಕಬಹುದೇ?
— ಒಬ್ಬ ಶಿಕ್ಷಕಿ

ಉತ್ತರ: ಮೊದಲ ಪ್ರಶ್ನೆಗೆ ಉತ್ತರ ಟಿನ್ನಿನ ವಿಸ್ತೀರ್ಣದಲ್ಲಿದೆ. 20 ಸೆಂಟಿಮೀಟರ್ ಚೌಕದ ಟಿನ್ನಿನ ವಿಸ್ತೀರ್ಣ 400 ಚದರ ಸೆಂಟಿಮೀಟರ್. 23 ಮತ್ತು 33 ಸೆಂಟಿಮೀಟರ್ ಅಳತೆಯ ಆಯತಾಕಾರದ ಟ್ರೇಯದು 759, ಅಂದರೆ ಹತ್ತಿರ ಹತ್ತಿರ ಎರಡು ಪಟ್ಟು. ಹಾಗಾಗಿ ಮೇಲಿನ ಅಳತೆಯನ್ನು ಎರಡು ಪಟ್ಟು ಮಾಡಿ ಈ ಟ್ರೇಯಲ್ಲಿ 35ರಿಂದ 40 ನಿಮಿಷ ಬೇಯಿಸಬಹುದು, ಅದರಿಂದ 24 ಒಳ್ಳೆಯ ತುಂಡುಗಳು ಬರುತ್ತವೆ. ದುಂಡು ಟಿನ್ ಮಾತ್ರ ಇದ್ದರೆ 23 ಸೆಂಟಿಮೀಟರ್ ವ್ಯಾಸದ್ದು 20ರ ಚೌಕಕ್ಕೆ ಸರಿಸಮ. ಆದರೆ ಎರಡು ಪಟ್ಟು ಮಿಶ್ರಣವನ್ನು ಅದೇ ಸಣ್ಣ ಟಿನ್ನಿನಲ್ಲಿ ಎತ್ತರಕ್ಕೆ ತುಂಬಬೇಡಿ, ಅಂಚು ಒಣಗಿದರೂ ನಡುವೆ ಹಸಿಯಾಗಿಯೇ ಉಳಿಯುತ್ತದೆ. ನಾಲ್ಕು ಪಟ್ಟನ್ನು ಒಂದೇ ಸಲ ಕಲಸುವುದೂ ಬೇಡ. ಓವನ್ನಿನಲ್ಲಿ ಒಮ್ಮೆಗೆ ಎಷ್ಟು ಹಿಡಿಸುತ್ತದೋ ಅಷ್ಟೇ ಕಲಸಬೇಕು, ಏಕೆಂದರೆ ಸರದಿಗಾಗಿ ಕಾಯುವ ಮಿಶ್ರಣ ಕಾಯುತ್ತಲೇ ತನ್ನ ಅನಿಲವನ್ನು ಕಳೆದುಕೊಳ್ಳುತ್ತದೆ. ಹಲವರು ಸೇರಿ ಮಾಡುವಾಗ ಒಣ ಪದಾರ್ಥಗಳನ್ನು ಹಿಂದಿನ ದಿನವೇ ತೂಗಿ, ಜರಡಿ ಹಿಡಿದು, ಒಂದೊಂದು ಟ್ರೇಗೆ ಒಂದೊಂದು ಡಬ್ಬಿಯಂತೆ ಇಟ್ಟುಕೊಂಡರೆ ಕೆಲಸ ಸುಸೂತ್ರವಾಗಿ ಸಾಗುತ್ತದೆ.

ಮೇಳದ ಹಿಂದಿನ ದಿನವೇ ಬೇಯಿಸಿಡಬಹುದು. ಬೆಣ್ಣೆಯ ಕೇಕಿನಂತೆ ಇದು ತಣ್ಣಗಾದಾಗ ಬಿಗಿಯುವುದಿಲ್ಲ, ಎಣ್ಣೆ ಸಾಧಾರಣ ಉಷ್ಣತೆಯಲ್ಲಿ ದ್ರವವಾಗಿಯೇ ಇರುವುದರಿಂದ ಮರುದಿನವೂ ಮೆತ್ತಗೆ ಇರುತ್ತದೆ, ಕೋಕೋದ ರುಚಿಯೂ ಹದಗೊಂಡಿರುತ್ತದೆ. ಬಿಸಿಯಿರುವಾಗ ಮಾತ್ರ ಕತ್ತರಿಸಬೇಡಿ. ಮೊಟ್ಟೆಯ ಹಿಡಿತವಿಲ್ಲದ ಕೇಕ್ ಪೂರ್ತಿ ಆರುವವರೆಗೆ ಪುಡಿಪುಡಿಯಾಗುತ್ತದೆ.

ಎರಡನೆಯ ಪ್ರಶ್ನೆಯನ್ನು ನೀವು ಕೇಳಿದ್ದು ಬಹಳ ಒಳ್ಳೆಯದಾಯಿತು, ಇದರಲ್ಲಿ ಒಳ್ಳೆಯ ಮನಸ್ಸಿನವರೂ ಎಡವುತ್ತಾರೆ. ದಯವಿಟ್ಟು ‘ಸುರಕ್ಷಿತ’ ಎಂಬ ಫಲಕ ಹಾಕಬೇಡಿ. ಈ ಕೇಕಿನ ವಿಧಾನದಲ್ಲಿ ಮೊಟ್ಟೆ, ಹಾಲು ಇಲ್ಲ ಎಂಬುದು ಒಂದು ಮಾತು, ನಿಮ್ಮ ಮೇಜಿನ ಮೇಲಿರುವ ತುಂಡಿನಲ್ಲಿ ಅವುಗಳ ಲವಲೇಶವೂ ಇಲ್ಲ ಎಂಬುದು ಬೇರೆಯೇ ಮಾತು. ತೀವ್ರ ಅಲರ್ಜಿ ಇರುವ ಮಗುವಿಗೆ ಬೆಣ್ಣೆ ಸವರಿದ ಟಿನ್, ಮೊಟ್ಟೆ ಹೊಡೆದ ಕಡ್ಡಿ, ಪಕ್ಕದ ಕೇಕನ್ನು ಕತ್ತರಿಸಿದ ಚಾಕು, ಇವುಗಳಲ್ಲಿ ಉಳಿದ ಅಲ್ಪ ಅಂಶವೂ ಅಪಾಯ ತರಬಹುದು. ಕೆಲವು ಕೋಕೋ ಪ್ಯಾಕೆಟ್ಟುಗಳ ಮೇಲೆಯೇ ಹಾಲು ಅಥವಾ ಒಣಬೀಜಗಳ ಅಂಶ ಇರಬಹುದೆಂಬ ಎಚ್ಚರಿಕೆ ಇರುತ್ತದೆ. ಎಣ್ಣೆ ಕಡಲೆಕಾಯಿಯದ್ದೋ ಸೋಯಾದ್ದೋ ಎಳ್ಳಿನದ್ದೋ ಆಗಿದ್ದರೆ ಅದನ್ನೂ ತಿಳಿಸಬೇಕು. ಮೈದಾ ಇರುವುದರಿಂದ ಗೋಧಿ, ಗ್ಲೂಟೆನ್ ಒಗ್ಗದವರಿಗೆ ಈ ಕೇಕ್ ಸಲ್ಲುವುದೇ ಇಲ್ಲ. ಆದ್ದರಿಂದ ತೀರ್ಪು ಕೊಡುವ ಫಲಕದ ಬದಲು ಮಾಹಿತಿ ಕೊಡುವ ಚೀಟಿ ಇಡಿ: ಬಳಸಿದ ಎಲ್ಲ ಪದಾರ್ಥಗಳ ಹೆಸರು, ಎಣ್ಣೆ ಯಾವುದರದು ಎಂಬ ವಿವರ, ಮತ್ತು ಇತರ ದಿನಗಳಲ್ಲಿ ಮೊಟ್ಟೆ, ಹಾಲು ಬಳಸುವ ಮನೆಯ ಅಡುಗೆಮನೆಯಲ್ಲಿ ಇದನ್ನು ಮಾಡಲಾಗಿದೆ ಎಂಬ ಒಂದು ಸಾಲು. ತಿನ್ನಬಹುದೋ ಬೇಡವೋ ಎಂಬುದನ್ನು ಮಗುವಿನ ಪೋಷಕರು ನಿರ್ಧರಿಸಲಿ. ಕೋಕೋ, ಎಣ್ಣೆ, ವೆನಿಲ್ಲಾಗಳ ಖಾಲಿ ಪ್ಯಾಕೆಟ್ಟುಗಳನ್ನು ಎಸೆಯದೆ ಮೇಜಿನ ಕೆಳಗೆ ಇಟ್ಟುಕೊಂಡರೆ, ಕೇಳಿದವರಿಗೆ ತೋರಿಸಲು ಅನುಕೂಲ. ಈ ಕೇಕನ್ನು ಇತರ ಕೇಕುಗಳಿಂದ ದೂರ, ಪ್ರತ್ಯೇಕ ಚಿಮಟದೊಂದಿಗೆ ಇಡಿ. ತುಂಡುಗಳನ್ನು ಮನೆಯಲ್ಲೇ ಬಿಡಿಬಿಡಿಯಾಗಿ ಸುತ್ತಿ ತಂದರೆ ಇನ್ನೂ ಉತ್ತಮ.

ಪ್ರಶ್ನೆ: ಇದೇ ಕೇಕನ್ನು ನಾನು ಡಚ್ ಕೋಕೋ ಬಳಸಿ ಮಾಡಬಹುದೇ? ಸಕ್ಕರೆಯನ್ನು ಅರ್ಧಕ್ಕೆ ಇಳಿಸಬಹುದೇ? ಮನೆಯಲ್ಲಿ ವಿನೆಗರ್ ಇಲ್ಲದಿದ್ದರೆ?
— ಇನ್ನೊಬ್ಬ ಓದುಗರು

ಉತ್ತರ: ಡಚ್ ಕೋಕೋ ಎಂದರೆ ಕ್ಷಾರದಿಂದ ಸಂಸ್ಕರಿಸಿ ಆಮ್ಲವನ್ನು ತಗ್ಗಿಸಿದ ಪುಡಿ. 19ನೆಯ ಶತಮಾನದಲ್ಲಿ ನೆದರ್ಲೆಂಡ್ಸಿನ ವಾನ್ ಹೌಟನ್ ಮನೆತನದವರು ಬಳಕೆಗೆ ತಂದ ಪದ್ಧತಿ ಅದು. ಅದರಿಂದ ಬಣ್ಣ ಇನ್ನೂ ಕಡುವಾಗುತ್ತದೆ, ಆದರೆ ಸೋಡಾಗೆ ಕೋಕೋದಿಂದ ಸಿಗುತ್ತಿದ್ದ ಆಮ್ಲ ಸಿಗದೆ ಕ್ಷಾರದ ರುಚಿ ಮುಂದಾಗಬಹುದು. ಈ ಕೇಕಿಗೆ ಸಂಸ್ಕರಿಸದ ಸಾದಾ ಕೋಕೋವೇ ಸರಿ ಎಂಬುದು ನನ್ನ ಅಭಿಪ್ರಾಯ. ವಿನೆಗರ್ ಬದಲು ಅಷ್ಟೇ ಪ್ರಮಾಣದ ನಿಂಬೆರಸವನ್ನು ಸೋಸಿ ಹಾಕಬಹುದು, ಬೆಂದ ಮೇಲೆ ಅದರ ಹುಳಿ ಗೊತ್ತಾಗುವುದಿಲ್ಲ.

ಸಕ್ಕರೆಯನ್ನು ಅರ್ಧಕ್ಕೆ ಇಳಿಸಬೇಡಿ. ಸಕ್ಕರೆ ಇಲ್ಲಿ ಸಿಹಿಗಾಗಿ ಮಾತ್ರ ಇಲ್ಲ, ನೀರಿನಂಶವನ್ನು ಹಿಡಿದಿಟ್ಟು ಕೇಕನ್ನು ಮೆತ್ತಗಿಡುವುದೂ ಗ್ಲೂಟೆನ್ ಬಿಗಿಯಾಗದಂತೆ ತಡೆಯುವುದೂ ಅದೇ. 200 ಗ್ರಾಂ ಇರುವಲ್ಲಿ 160 ಗ್ರಾಂವರೆಗೆ ಇಳಿಸಿದರೆ ತೊಂದರೆಯಿಲ್ಲ, ಅದಕ್ಕಿಂತ ಕೆಳಗೆ ಹೋದರೆ ಕೈಗೆ ಬರುವುದು ಕೋಕೋ ಹಾಕಿದ ಬ್ರೆಡ್. ಮೇಲಿನ ಲೇಪವನ್ನು ಕೈಬಿಟ್ಟು ಸಿಹಿಯನ್ನು ತಗ್ಗಿಸುವುದು ಜಾಣತನ. ಲೇಪ ಬೇಕೇ ಬೇಕೆನ್ನುವವರು 120 ಗ್ರಾಂ ಪುಡಿ ಸಕ್ಕರೆ, 12 ಗ್ರಾಂ ಕೋಕೋಗಳನ್ನು ಜರಡಿ ಹಿಡಿದು, 20 ಮಿಲಿಲೀಟರ್ ನೀರು ಹಾಕಿ ಕಲಸಿ, ಸುರಿಯುವಷ್ಟು ತೆಳುವಾಗುವವರೆಗೆ ಹನಿಹನಿಯಾಗಿ ಇನ್ನಷ್ಟು ನೀರು ಸೇರಿಸಲಿ. ಇದರಲ್ಲೂ ಹಾಲು, ಬೆಣ್ಣೆ ಇಲ್ಲ.

ಪ್ರಶ್ನೆ: ಕೇಕ್ ಮಾರಾಟದ ಜೊತೆಗೆ ಪೋಷಕರ ಮೆಚ್ಚಿನ ಪಾಕವಿಧಾನಗಳ ಸಣ್ಣ ಪುಸ್ತಿಕೆಯನ್ನೂ ಮಾರಿ ಶಾಲೆಗೆ ಹಣ ಕೂಡಿಸುವ ಯೋಚನೆ ನಮ್ಮದು. ಬೇರೆಯವರಿಂದ ಪಡೆದ ವಿಧಾನವನ್ನು ಹೀಗೆ ಅಚ್ಚು ಹಾಕಿಸುವುದು ಸರಿಯೇ?
— ಪೋಷಕರ ಗುಂಪೊಂದರ ಪರವಾಗಿ

ಉತ್ತರ: ನಿಮ್ಮ ಯೋಚನೆಗೆ ದೀರ್ಘ ಪರಂಪರೆಯೇ ಇದೆ. ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ, 1864ರಲ್ಲಿ, ಫಿಲಡೆಲ್ಫಿಯಾದಲ್ಲಿ ಸೈನಿಕರ ಆರೈಕೆಗಾಗಿ ನಡೆದ ಸಹಾಯಾರ್ಥ ಮೇಳದಲ್ಲಿ ಮರಿಯಾ ಮಾಸ್ ಎಂಬುವವರು ಸಿದ್ಧಪಡಿಸಿದ ಅಡುಗೆ ಪುಸ್ತಕವನ್ನು ಮಾರಲಾಯಿತು. ಅಲ್ಲಿಂದೀಚೆಗೆ ಆ ದೇಶದಲ್ಲಿ ಶಾಲೆ, ಚರ್ಚು, ಆಸ್ಪತ್ರೆಗಳ ನೆರವಿಗಾಗಿ ಸ್ವಯಂಸೇವಕಿಯರು ಕೂಡಿಸಿದ ಇಂಥ ಪುಸ್ತಕಗಳು ಲೆಕ್ಕವಿಲ್ಲದಷ್ಟು ಬಂದವು, ಮನೆಮನೆಯ ಅಡುಗೆಯ ಎಷ್ಟೋ ತಿಳಿವಳಿಕೆ ಉಳಿದುಬಂದದ್ದು ಅವುಗಳ ಪುಟಗಳಲ್ಲಿ.

ಅಚ್ಚು ಹಾಕಿಸಿ, ಆದರೆ ಕೊಟ್ಟವರ ಒಪ್ಪಿಗೆ ಪಡೆದೇ ಹಾಕಿಸಿ. ಪ್ರಕಟವಾದ ಪುಸ್ತಕದಿಂದ ಸಾಲುಸಾಲಾಗಿ ನಕಲು ಮಾಡಬೇಡಿ, ವಿಧಾನವನ್ನು ನೀವೇ ಮಾಡಿ ನೋಡಿ ನಿಮ್ಮ ಮಾತಿನಲ್ಲಿ ಬರೆಯಿರಿ. ಮೊದಲ ಪತ್ರದ ಓದುಗರಿಗೆ ಕೇಕಿನ ಚೀಟಿ ಕೊಟ್ಟವರಂಥ ಪೋಷಕರು ತಮ್ಮ ಹೆಸರು ಬೇಡ ಎನ್ನಬಹುದು. ಆಗಲೂ ‘ಶಾಲೆಯ ಪೋಷಕರೊಬ್ಬರು ಹೇಳಿಕೊಟ್ಟದ್ದು’ ಎಂಬ ಸಾಲು ಇರಲೇಬೇಕು, ಅದು ಅವರಿಗೆ ಸಲ್ಲಬೇಕಾದ ಗೌರವ. ಪ್ರತಿ ಪುಟದಲ್ಲೂ ಅಳತೆಗಳು ಗ್ರಾಂ, ಮಿಲಿಲೀಟರುಗಳಲ್ಲಿ ಇರಲಿ, ಟಿನ್ನಿನ ಅಗಲ ಮತ್ತು ಓವನ್ನಿನ ಉಷ್ಣತೆ ತಪ್ಪದೆ ಇರಲಿ. ಬರೆದವರಲ್ಲದೆ ಇನ್ನೊಬ್ಬರು, ಅದೂ ಆ ಕೇಕನ್ನು ಎಂದೂ ಮಾಡದವರು, ಕಾಗದದಲ್ಲಿ ಇರುವುದನ್ನಷ್ಟೇ ಓದಿಕೊಂಡು ಒಮ್ಮೆ ಮಾಡಿ ನೋಡಿದ ಮೇಲೆಯೇ ಆ ಪುಟವನ್ನು ಮುದ್ರಣಕ್ಕೆ ಕಳುಹಿಸಿ.